ಕಿತ್ತೂರಿನದೆಂದು ಕೊಟ್ಟ ಮಗ್ಗು

ನಾನು ನೇಸರಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಏಳು ವರ್ಷ ಒಂದು ಸುಳ್ಳನ್ನು ಮೇಜಿನ ಮೇಲಿಟ್ಟು ಮಕ್ಕಳಿಗೆ ತೋರಿಸಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬೂದು ಬಣ್ಣದ, ಕಲ್ಲಿನಷ್ಟು ಗಟ್ಟಿ ಮಣ್ಣಿನ ಮಗ್ಗು ಅದು. ತವರದ ಮುಚ್ಚಳ, ಮೈತುಂಬ ನೀಲಿ ಟೊಪ್ಪಿಗೆಯ ಗಂಡಸರ ಚಿತ್ರ. ಅಪ್ಪ ಸತ್ತ ವರ್ಷ, ೧೯೯೬ರಲ್ಲಿ, ಅವ್ವ ಗುರುಬಸವ್ವ ಅದನ್ನು ಸಿರಸಂಗಿಯ ಮನೆಯ ಅಟ್ಟದಿಂದ ಇಳಿಸಿದಳು. ಕಿತ್ತೂರು ಯುದ್ಧದಲ್ಲಿ ನಮ್ಮ ಹಿರಿಯರೊಬ್ಬರು ಇಂಗ್ರೇಜಿ ಸಾಹೇಬನಿಂದ ಕಸಿದುಕೊಂಡದ್ದಂತೆ. ತಳದ ಕೆಂಪು ಅರಗು ಅರಮನೆಯ ಮುದ್ರೆಯಂತೆ, ಕೆರೆಯಬಾರದಂತೆ.

"ನಾಗರತ್ನಾ, ನೀ ಇತಿಹಾಸ ಓದಿದಾಕಿ. ಇದು ನಿನಗಿರಲಿ," ಎಂದಳು.

ನನ್ನ ಕಣ್ಣು ತುಂಬಿ ಬಂತು. ಇಂಥದ್ದು ಸಿಕ್ಕ ಮೇಲೆ ಹೊಲವೇಕೆಂದು ಮರುದಿನ ಅಣ್ಣ ನಿಜಗುಣಪ್ಪನ ಜೊತೆ ಸವದತ್ತಿಯ ನೋಂದಣಿ ಕಚೇರಿಗೆ ಹೋಗಿ, ಅಪ್ಪನ ಹೊಲದಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆನೆಂದು ಸಹಿ ಹಾಕಿ ಬಂದೆ. ಮಗ್ಗು ಬಗಲಲ್ಲೇ ಇತ್ತು.

೨೦೦೩ರಲ್ಲಿ ಮುಚ್ಚಳದ ಕೀಲು ಸಡಿಲಾಯಿತು. ಬೈಲಹೊಂಗಲದಲ್ಲಿ ಕಲಾಯಿ ಹಾಕುವ ಬುರಾನಸಾಬರ ಹತ್ತಿರ ಒಯ್ದೆ. ಅವರು ಮಗ್ಗನ್ನು ಬೋರಲು ಮಾಡಿ ಉಗುರಿನಿಂದ ಅರಗು ಕೆರೆದರು.

"ಅಕ್ಕೋರ, ಇದು ಹಳೇ ಅರಗಲ್ರಿ. ಪಾರ್ಸಲ್‌ಗೆ ಹಾಕತಾರಲ್ಲ, ಅದು. ತಗೀಲೇನ್ರಿ?"

ತೆಗೆಯಿರಿ ಎಂದೆ. ಕಾಯಿಸಿದ ಚಾಕುವಿಗೆ ಅರಗು ಸಲೀಸಾಗಿ ಬಿಟ್ಟಿತು. ಕೆಳಗೆ ಮಣ್ಣಿನಲ್ಲೇ ಒತ್ತಿದ ಇಂಗ್ಲಿಷ್ ಅಕ್ಷರಗಳಿದ್ದವು: ಜರ್ಮನಿ.

ಕಿತ್ತೂರು ಯುದ್ಧ ನಡೆದದ್ದು ೧೮೨೪ರಲ್ಲಿ. ಜರ್ಮನಿ ಒಂದು ದೇಶವಾದದ್ದು ೧೮೭೧ರಲ್ಲಿ. ಹತ್ತನೆಯ ತರಗತಿಗೆ ಪ್ರತಿವರ್ಷ ನಾನೇ ಬಾಯಿಪಾಠ ಮಾಡಿಸುತ್ತೇನೆ. ಪರದೇಶಕ್ಕೆ ಮಾರುವ ಮಾಲಿಗೆ ಇಂಗ್ಲಿಷಿನಲ್ಲಿ ದೇಶದ ಹೆಸರು ಒತ್ತಿದ್ದಾರೆಂದರೆ ಇನ್ನೂ ಈಚಿನದು. ಅಂಚಿನ ಕೆಳಗೊಂದು ಗೆರೆ, ಪಕ್ಕದಲ್ಲಿ ಅರ್ಧದ ಅಂಕಿ ಮತ್ತು ಎಲ್. ಆ ಎಲ್ ಸಾಹೇಬನ ಹೆಸರಿನ ಮೊದಲಕ್ಷರವೆಂದು ಮಕ್ಕಳಿಗೆ ಹೇಳಿದ್ದೆ ನಾನು, ಮಹಾ ಪಂಡಿತೆ. ಅರ್ಧ ಲೀಟರಿನ ಅಳತೆ ಅದು. ನೂರು ವರ್ಷದ ಆಚೀಚಿನ ಬಿಯರ್ ಮಗ್ಗು.

ಕೀಲು ಹಾಗೇ ಬಿಟ್ಟು ಸಿರಸಂಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಣ್ಣನಿಗೆ ಬೈಯುವ ಮಾತು ಜೋಡಿಸಿಕೊಂಡೆ.

"ಅರಗು ಯಾಕ ಹಾಕಿದಿ?" ಎಂದೆ ಹೊಸ್ತಿಲಲ್ಲೇ ನಿಂತು.

ಅಣ್ಣ ಅವ್ವನ ಕಡೆ ನೋಡಿದ. "ನಾ ಹಾಕಿಲ್ಲ. ಅವ್ವ ಹಾಕಿದ್ಲು."

ಅವ್ವ ಹೆಸರುಕಾಳು ಹಸನು ಮಾಡುತ್ತಿದ್ದಳು. "ನಿಮ್ಮಪ್ಪ ಬೆಳಗಾವಿ ಕ್ಯಾಂಪಿನ ಲಿಲಾವಿನ್ಯಾಗ ಸವಾಲ ಕೂಗಿ ತಂದಿದ್ದ. ಹೊಲ ಒಡೀಬಾರದಂತ ಹಂಗ ಹೇಳಿದೆ. ತಳದಾಗಿನ ಅಕ್ಷರ ನಿನಗ ಓದಾಕ ಬರತಾವಲ್ಲ, ಅದಕ್ಕ ಮುಚ್ಚಿದೆ."

ನನ್ನನ್ನು ಶಾಲೆಗೆ ಕಳಿಸಲು ಅಪ್ಪನೊಂದಿಗೆ ಜಗಳಾಡಿದವಳು ಇವಳೇ. ಅಣ್ಣ ಮೋಸ ಮಾಡಿದ್ದರೆ ಬೈದು, ಅತ್ತು, ನಾಗರಪಂಚಮಿಗೆ ಮತ್ತೆ ತವರಿಗೆ ಬರುತ್ತಿದ್ದೆ. ಇವಳಿಗೆ ಏನೆಂದು ಬೈಯಲಿ?

"ಅವ್ವಾ, ನೀ ಒಂದ ಮಾತ ಕೇಳಿದ್ರ ಸುಮ್ನ ಸಹಿ ಹಾಕತಿದ್ನಲ್ಲ," ಎಂದೆ.

ಅವಳು ಕಾಳಿನಿಂದ ಕಣ್ಣೆತ್ತಿ ನನ್ನ ಮುಖವನ್ನೇ ನೋಡಿದಳು. ನಾನು ಹೇಳಿದ್ದನ್ನು ಅವಳು ನಂಬಲಿಲ್ಲ.