ಎಡಗಡೆ ಜೋರು

ಹೆಡ್‌ಫೋನಿನದೇ ದೋಷ ಎಂದುಬಿಟ್ಟರೆ ಆಗದೇ? ಕಡಿಮೆ ಬೆಲೆಯ ಮಾಲು, ಒಂದು ಕಿವಿಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಬರುವುದು ಇದ್ದದ್ದೇ, ಅಂಗಡಿಗೆ ವಾಪಸು ಕೊಟ್ಟರಾಯಿತು. ಇಷ್ಟು ಹೇಳಿದರೆ ಅತ್ತಿಗೆ ನಂಬುತ್ತಾಳೆ. ಶಬ್ದದ ವಿಷಯದಲ್ಲಿ ಅವನು ಆಡಿದ ಮಾತನ್ನು ಅವಳು ಎಂದೂ ತಿರುಗಿಸಿ ಕೇಳಿದವಳಲ್ಲ. ಒಂದೇ ಒಂದು ವಾಕ್ಯ. ಅದು ನಾಲಗೆಯ ತುದಿಗೆ ಬಂದು ಅಲ್ಲೇ ಕೂತಿತ್ತು.

"ನಿನ್ನನ್ನೇ ಕೇಳ್ತಿರೋದು ಕಣೋ. ಎಡಗಡೆ ಜೋರಾಗಿಲ್ವಾ?" ಅತ್ತಿಗೆ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡಳು. ಕನ್ನಡಕದ ಕಡ್ಡಿ ಒತ್ತಿ ಕಿವಿಯ ಮೇಲ್ಗಡೆ ಕೆಂಪು ಗೆರೆ ಮೂಡಿತ್ತು. "ನನ್ನ ದನಿ ಮೂಗಿನ ನೇರಕ್ಕೆ ಬರಬೇಕಲ್ವಾ? ಯಾರೋ ಪಕ್ಕಕ್ಕೆ ತಳ್ಳಿ ಕೂರಿಸಿದ ಹಾಗಿದೆ."

"ಇನ್ನೊಂದು ಹಾಕ್ಕೊಂಡು ನೋಡಿ ಅತ್ತಿಗೆ," ಎಂದ. ಅಷ್ಟರಮಟ್ಟಿಗೆ ಹೊತ್ತು ಸಿಕ್ಕಿತು.

ಸ್ಟುಡಿಯೋ ಎಂದರೆ ಎರಡು ಕೋಣೆ, ನಡುವೆ ದಪ್ಪ ಗಾಜು. ಒಳಗೆ ಮೈಕಿನ ಮುಂದೆ ಅತ್ತಿಗೆ ಮಕ್ಕಳ ಕಥೆಗಳನ್ನೂ ಪಾಠಗಳನ್ನೂ ಓದುತ್ತಾಳೆ. ಹೊರಗೆ ಕೂತು ಅವನು ಮುದ್ರಿಸಿಕೊಳ್ಳುತ್ತಾನೆ. ಕಳೆದ ವರ್ಷದವರೆಗೆ ಹೊರಗಿನ ಕುರ್ಚಿ ಅಣ್ಣನದಾಗಿತ್ತು. ಒಳಗಿನ ಹಳೆಯ ಹೆಡ್‌ಫೋನಿನ ರೆಕ್ಸಿನ್ ಸುಲಿದು, ಓದಿ ಹೊರಗೆ ಬಂದಾಗಲೆಲ್ಲ ಅತ್ತಿಗೆಯ ಕೆನ್ನೆಗೆ ಕರಿ ಹೊಟ್ಟು ಅಂಟಿರುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಮೆತ್ತೆ ಬಿರುಕು ಬಿಟ್ಟು, ಕಿವಿಯೊಳಗಿನ ಸಂಗೀತ ಸೋರಿ ಮೈಕಿಗೆ ಸೇರುತ್ತಿತ್ತು. ಹಿಂಬದಿ ಪೂರಾ ಮುಚ್ಚಿರುವ, ಕೈಗೆಟುಕುವ ಬೆಲೆಯ ಮೂರು ಹೆಡ್‌ಫೋನುಗಳನ್ನು ಅವನು ನೋಡಿ ಕೊಡುತ್ತೇನೆಂದು ಅಂಗಡಿಯಿಂದ ತಂದಿದ್ದ. ಹಗುರವೋ ಭಾರವೋ ಅವಳು ಹೇಳಬೇಕು, ಶಬ್ದ ಹೇಗಿದೆಯೆಂದು ಅವನು. ಒಂದು ಇಟ್ಟುಕೊಂಡು ಎರಡು ಹಿಂದಿರುಗಿಸುವುದು.

ಮೊದಲನೆಯದನ್ನು ಹಾಕಿಕೊಂಡ ಕೂಡಲೇ ಅವಳು, "ಅಯ್ಯಪ್ಪಾ, ಇದರ ಹಿಡಿತಕ್ಕೆ ತಲೇಲಿರೋ ಅಲ್ಪಸ್ವಲ್ಪ ಬುದ್ಧಿನೂ ಹೊರಗೆ ಬರುತ್ತೆ," ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಶಬ್ದ ನೋಡಲೆಂದು ಅವನ ಬಳಿ ಬೇರೆಯೇ ಒಂದು ಮುದ್ರಣವಿತ್ತು. ಆದರೆ ಅವನು ಎರಡನೆಯ ಡಬ್ಬಿಯ ಅಂಟುಪಟ್ಟಿ ಬಿಡಿಸುತ್ತಿದ್ದಾಗ ಅವಳೇ ಕಂಪ್ಯೂಟರಿನ ಮುಂದೆ ಬಗ್ಗಿ, "ನಂಗೆ ಗೊತ್ತಿರೋದು ನನ್ನ ದನಿ ಒಂದೇ. ಅದನ್ನೇ ಕೇಳ್ತೀನಿ," ಎಂದು ಹುಡುಕಿ ಹಾಕಿಕೊಂಡಿದ್ದಳು. ಅವಳು ಆರಿಸಿದ್ದು ಅಣ್ಣ ಕೊನೆಯದಾಗಿ ಮಾಡಿಟ್ಟ ಕಥೆ. ಗಿರಾಕಿಗೆ ಹೋಗದೆ ಉಳಿದದ್ದು. ಅವನು ಅದನ್ನು ಅಳಿಸಿರಲಿಲ್ಲ; ಮುಟ್ಟಿಯೂ ಇರಲಿಲ್ಲ.

ಎರಡನೆಯದು ಹಗುರವಾಗಿತ್ತು, ಆದರೆ ಬಟ್ಟಲು ಚಿಕ್ಕದು, ಕಿವಿಯನ್ನು ಮಡಿಸಿ ಒತ್ತುತ್ತಿತ್ತು. ಅವಳು ಕಣ್ಣು ಮುಚ್ಚಿ ಕೇಳಿದಳು. ಅವಳ ಮುಖ ನಿಧಾನವಾಗಿ ಎಡಕ್ಕೆ ವಾಲಿತು, ಯಾರೋ ಆ ಕಡೆಯಿಂದ ಗುಟ್ಟು ಹೇಳುತ್ತಿರುವ ಹಾಗೆ. ಮೂರನೆಯದನ್ನು ತಾನೇ ಎತ್ತಿಕೊಂಡಳು. ಅದರ ಮೆತ್ತೆ ಅಗಲವಾಗಿತ್ತು. ಕನ್ನಡಕದ ಕಡ್ಡಿಯನ್ನೂ ನುಂಗಿ ಸುತ್ತಲೂ ಕೂತಿತು. ಹೊರಗಿನ ರಸ್ತೆ, ಫ್ಯಾನು, ಅವನ ಉಸಿರು, ಎಲ್ಲವೂ ಅವಳಿಗೆ ನಿಂತುಹೋದದ್ದು ಅವನಿಗೆ ಕಂಡಿತು.

"ಬಾವಿಗೆ ಇಳಿದ ಹಾಗಿದೆ," ಎಂದು ಅಗತ್ಯಕ್ಕಿಂತ ಜೋರಾಗಿ ಹೇಳಿದಳು. ಆಮೇಲೆ ತೆಗೆದು ಮೇಜಿನ ಮೇಲಿಟ್ಟಳು. "ಮೂರೂ ಕಂಪನಿಯವರು ಒಟ್ಟಿಗೆ ಕೂತು, ಈಯಮ್ಮನಿಗೆ ಎಡಗಡೆಗೇ ಜೋರು ಕೊಡೋಣ ಅಂತ ಮಾತಾಡ್ಕೊಂಡ್ರೇನೋ?"

ಅವನು ನಗಲಿಲ್ಲ.

ಅಣ್ಣ ಕಿವಿಯಿಂದ ಹೆಸರು ಮಾಡಿದವನು. ಶಬ್ದದ ಮಟ್ಟ ತೋರಿಸುವ ಮೀಟರಿಗೆ ಕಾಗದ ಅಂಟಿಸಿಬಿಟ್ಟಿದ್ದ. "ನಾಲಗೆ ಇರೋನು ಅಳತೆ ಲೋಟ ಇಟ್ಕೊಂಡು ಉಪ್ಪು ಹಾಕ್ತಾನೇನೋ?" ಎನ್ನುತ್ತಿದ್ದ. ಕೊನೆಯ ಒಂದೆರಡು ವರ್ಷ ಅಣ್ಣ ಮಾಡಿದ ಕೆಲಸವೆಲ್ಲ ಎಡಕ್ಕೆ ವಾಲತೊಡಗಿತ್ತು. ಎಡಗಿವಿ ಬರಬರುತ್ತಾ ಕೇಳದಾದಂತೆ ಅಣ್ಣ ಆ ಕಡೆಯದನ್ನು ಏರಿಸುತ್ತಾ ಹೋಗಿದ್ದ, ತಾನು ಏರಿಸುತ್ತಿದ್ದೇನೆ ಎಂಬುದೇ ತಿಳಿಯದೆ. ತಮ್ಮನಿಗೆ ಮೊದಲ ವಾರದಲ್ಲೇ ತಿಳಿದಿತ್ತು. ಕೆಲಸ ಕಲಿಸಿದವನಿಗೇ ನಿನ್ನ ಕಿವಿ ಹೋಗುತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಅಣ್ಣ ಮನೆಗೆ ಹೊರಟ ಮೇಲೆ ಅವನು ಎಡವನ್ನು ಇಳಿಸಿ, ನೇರ ಮಾಡಿ, ಗಿರಾಕಿಗೆ ಕಳಿಸುತ್ತಿದ್ದ. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ.

ಅಣ್ಣ ಸತ್ತದ್ದು ರಸ್ತೆ ದಾಟುವಾಗ. ಲಾರಿ ಎಡಗಡೆಯಿಂದ ಬಂದಿತ್ತು. ಎದುರಿನ ಔಷಧಿ ಅಂಗಡಿಯವನು ನೋಡಿದ್ದ. "ಹಾರ್ನ್ ಅವರಿಗೆ ಕೇಳ್ತು. ಗಕ್ಕನೆ ನಿಂತ್ರು. ಆದ್ರೆ ಲಾರಿ ಕಡೆ ನೋಡ್ದೆ, ಮುಖ ಬಲಕ್ಕೆ ತಿರುಗಿಸ್ಕೊಂಡು ಹೆಜ್ಜೆ ಮುಂದಿಟ್ಬಿಟ್ರು," ಎಂದು ಮನೆಗೆ ಬಂದು, ಕೇಳದಿದ್ದರೂ ಹೇಳಿ ಹೋಗಿದ್ದ. ಅವನು ಕಂಡದ್ದನ್ನು ಹೇಳಿದ, ಅಷ್ಟೆ. ಅತ್ತಿಗೆ ಆ ಮಾತಿನ ಜೊತೆ ಒಂದು ವರ್ಷ ಬದುಕಿದ್ದಳು. ಅಪಘಾತದ ದಿನ ಬೆಳಿಗ್ಗೆ ಅವಳು ಅಡುಗೆಮನೆಯಿಂದ ಏನನ್ನೋ ಕೇಳಿ, ಉತ್ತರ ಬಾರದೆ, ಮತ್ತೆ ಕೇಳಿ, ಕೊನೆಗೆ, "ನನ್ನ ಜೊತೆ ಮಾತು ಬೇಡದಿದ್ರೆ ಎಲ್ಲಾದ್ರೂ ಹೋಗಿ," ಎಂದಿದ್ದಳು. ಅಣ್ಣ ಅವಳ ಮುಖ ನೋಡಿ, ಚಪ್ಪಲಿ ಮೆಟ್ಟಿ ಹೊರಟಿದ್ದ. ಈಗಲೂ ಊಟಕ್ಕೆ ಕೂತಾಗ ಅವಳು ತುತ್ತು ತಟ್ಟೆಯಲ್ಲೇ ಬಿಟ್ಟು ಮೈದುನನನ್ನು ಕೇಳುವುದುಂಟು: "ಕೇಳಿದ ಮೇಲೂ ಯಾಕೋ ಮುಖ ತಿರುಗಿಸಿದ್ರು?"

"ಅತ್ತಿಗೆ," ಎಂದ ಅವನು. "ಆ ಕುರ್ಚೀಲಿ ಕೂತ್ಕೊಳ್ಳಿ. ಎಡಗಿವಿಗೆ ಬೆರಳು ಹಾಕಿ, ಗಟ್ಟಿಯಾಗಿ. ಕಣ್ಣು ಮುಚ್ಚಿ. ಶಬ್ದ ಎಲ್ಲಿಂದ ಬಂತೋ ಅಲ್ಲಿಗೆ ಕೈ ತೋರಿಸಿ."

"ಇದೇನು, ಕಣ್ಣಾಮುಚ್ಚಾಲೆ ಆಡೋ ವಯಸ್ಸೇನೋ ನಂದು?"

"ಒಂದ್ಸಲ."

ಅವಳು ಕೂತಳು. ನೆಲದ ಜಮಖಾನೆಯ ಮೇಲೆ ಅವನ ಹೆಜ್ಜೆ ಸದ್ದಾಗಲಿಲ್ಲ. ಅವಳ ಎಡಕ್ಕೆ ಒಂದು ಮಾರು ದೂರದಲ್ಲಿ ನಿಂತು ಬೀಗದ ಕೈಗೊಂಚಲನ್ನು ಅಲುಗಿಸಿದ.

ಅತ್ತಿಗೆ ಥಟ್ಟನೆ ಮುಖವನ್ನು ಬಲಕ್ಕೆ ತಿರುಗಿಸಿದಳು. ಕೈ ಎತ್ತಿ ಗೋಡೆಯ ಕಡೆ ತೋರಿಸಿದಳು. "ಅಲ್ಲಿ."

ಅವಳು ಕಣ್ಣು ತೆರೆದಳು. ಗೋಡೆ ಖಾಲಿಯಾಗಿತ್ತು. ಆ ಖಾಲಿ ಗೋಡೆಯನ್ನು ಅವಳು ತುಂಬಾ ಹೊತ್ತು ನೋಡಿದಳು. ಕಿವಿಯಿಂದ ಬೆರಳು ತೆಗೆಯುವುದನ್ನು ಮರೆತಿದ್ದಳು. ಆಮೇಲೆ ಕುರ್ಚಿಯನ್ನು ನಿಧಾನವಾಗಿ ತಿರುಗಿಸಿಕೊಂಡು, ತನ್ನ ಇನ್ನೊಂದು ಪಕ್ಕದಲ್ಲಿ ಕೈಗೊಂಚಲು ಹಿಡಿದು ನಿಂತಿದ್ದ ಮೈದುನನನ್ನು ಕಂಡಳು.

"ಅಣ್ಣನಿಗೆ ಎಡಗಿವಿ ಕೇಳ್ತಿರ್ಲಿಲ್ಲ ಅತ್ತಿಗೆ. ಅದಕ್ಕೇ ಆ ಕಥೇಲಿ ಎಡಗಡೆ ಜೋರು. ಅಣ್ಣನಿಗೆ ಕೇಳ್ತಿದ್ದದ್ದು ಈಗ ನಿಮಗೆ ಕೇಳಿದ ಹಾಗೇ. ಒಂದೇ ಕಿವಿ ಇದ್ರೆ ಎಲ್ಲಾ ಶಬ್ದವೂ ಆ ಕಿವಿ ಕಡೆಯಿಂದಲೇ ಬಂದ ಹಾಗಿರುತ್ತೆ."

"ಅಂದ್ರೆ... ಲಾರಿ ಬಲಗಡೆಯಿಂದ ಬರ್ತಿದೆ ಅಂತ ಆ ಕಡೆ ನೋಡಿದ್ರು."

"ಹೂಂ."

"ತಪ್ಪಿಸ್ಕೊಳ್ಳೋಕೆ ಮುಂದೆ ಹೆಜ್ಜೆ ಇಟ್ರು."

"ಹೂಂ."

"ಬದುಕಬೇಕು ಅಂತಲೇ ಇಟ್ರು."

ಅವನು ತಲೆಯಾಡಿಸಿದ. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅತ್ತಳೋ ಇಲ್ಲವೋ ಅವನು ನೋಡಲಿಲ್ಲ; ಎರಡನೆಯ ಹೆಡ್‌ಫೋನಿನ ವೈರನ್ನು ಸುತ್ತಿ ಡಬ್ಬಿಗೆ ಹಾಕುತ್ತಿದ್ದ. ವೈರು ಮಡಿಕೆಗೆ ಬರುತ್ತಿರಲಿಲ್ಲ.

"ಹಾಸಿಗೇಲಿ ನನ್ನ ಕಡೆ ಬೆನ್ನು ಹಾಕಿ ಮಲಗ್ತಿದ್ರು," ಎಂದಳು. "ಬಲಗಿವಿ ದಿಂಬಿಗೆ ಒತ್ಕೊಂಡು. ನಾನು ಏನೇನೋ ಹೇಳ್ತಿದ್ದೆ ಕಣೋ ಆ ಬೆನ್ನಿಗೆ. ಸಿಟ್ಟು, ಪ್ರೀತಿ ಎಲ್ಲಾ. ಒಂದಕ್ಕೂ ಹೂಂ ಅಂತಿರ್ಲಿಲ್ಲ. ಕಲ್ಲು ಮನಸ್ಸು ಅಂದ್ಕೊಂಡೆ." ಮೂಗೊರೆಸಿಕೊಂಡಳು. "ನಿಂಗೆ ಯಾವಾಗ ಗೊತ್ತಾಯ್ತು?"

"ಈಗ. ನೀವು ಎಡಗಡೆ ಜೋರು ಅಂದಾಗ."

ಅವಳು ಆ ಮಾತನ್ನೂ ತಿರುಗಿಸಿ ಕೇಳಲಿಲ್ಲ. ಎದ್ದು, ಮೂರನೆಯ ಹೆಡ್‌ಫೋನನ್ನು ಎತ್ತಿಕೊಂಡು ಮೆತ್ತೆಯನ್ನು ಬೆರಳಿನಿಂದ ಒತ್ತಿ ನೋಡಿದಳು. "ಇದೇ ಇರ್ಲಿ. ಕಿವಿ ಬೇಯುತ್ತೆ, ಆದ್ರೆ ನೋಯಲ್ಲ." ಗಾಜಿನ ಕೋಣೆಯ ಬಾಗಿಲಿಗೆ ಕೈಯಿಟ್ಟು ನಿಂತಳು. "ಒಂದು ಮಾತ್ರ ಅರ್ಥ ಆಗಲ್ಲ. ಎಷ್ಟು ಜನಕ್ಕೆ ಕೆಲಸ ಮಾಡಿಕೊಟ್ರು. ಎಲ್ರೂ ಚೆನ್ನಾಗಿದೆ, ಚೆನ್ನಾಗಿದೆ ಅಂದ್ರೇ ಹೊರತು, ಒಬ್ರಾದ್ರೂ ಒಂದು ಕಡೆ ಜೋರಾಗಿದೆ ಅನ್ನಲಿಲ್ವಲ್ಲೋ. ಅಂದಿದ್ರೆ ಅವತ್ತೇ ಡಾಕ್ಟರ ಹತ್ರ ಹೋಗ್ತಿದ್ರು. ಕಿವಿ ವಿಷಯದಲ್ಲಿ ನಿಮ್ಮಣ್ಣ ಅಷ್ಟು ಹೆದರುಪುಕ್ಕಲು."

"ಜನಕ್ಕೆ ಅಷ್ಟೆಲ್ಲಾ ಗೊತ್ತಾಗಲ್ಲ ಅತ್ತಿಗೆ," ಎಂದ.

"ಇರಬಹುದು," ಎಂದು ಅವಳು ಒಳಗೆ ಹೋದಳು.

ಬಾಗಿಲು ಮುಚ್ಚಿದ ಮೇಲೆ ಗಾಜಿನಾಚೆ ಅವಳು ಹಾಳೆ ಜೋಡಿಸಿಕೊಳ್ಳುವುದು, ಹೊಸ ಹೆಡ್‌ಫೋನಿನ ಪಟ್ಟಿಯನ್ನು ಎಳೆದು ಸರಿಪಡಿಸಿಕೊಳ್ಳುವುದು ಸದ್ದಿಲ್ಲದೆ ಕಾಣುತ್ತಿತ್ತು. ಅವನು ಅಣ್ಣನ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದ. ಅವಳ ದನಿ ಎರಡೂ ಕಡೆ ಸಮನಾಗಿ, ಮೂಗಿನ ನೇರಕ್ಕೆ ಬಂತು. ಒಂದು ವರ್ಷದಿಂದ ಅದರಲ್ಲಿ ಇಲ್ಲದಿದ್ದ ಒಂದು ಸಡಿಲು ಇಂದು ಇತ್ತು. ಕಥೆ ಮುಗಿಯುವವರೆಗೂ ಅವನು ಕೇಳಿದ. ಅಣ್ಣನ ಕೆಲಸ ಹೊರಗೆ ಹೋಗುವ ಮೊದಲು ಪ್ರತಿ ಸಲವೂ ಎಡವನ್ನು ಇಳಿಸಿ ಕಳಿಸುತ್ತಿದ್ದವನು ತಾನೇ ಎಂದು ಅವನು ಅವಳಿಗೆ ಅಂದು ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.