ಹೊರಮಗ್ಗುಲ ಬರೆ

ಬಂಗಾರಪೇಟೆಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಗಂಗರತ್ನಮ್ಮನ ಬಲ ಮಂಡಿ ನೋಡಿ ಹಾಗೇ ನಿಂತುಬಿಟ್ಟರು.

"ಇದೇನಮ್ಮಾ ಇದು?"

"ಆವಯ್ಯನ್ನ ಕೇಳಿ ಸಾ," ಎಂದು ಆಕೆ ಗಂಡನ ಕಡೆ ಕೈ ತೋರಿಸಿದಳು.

ಆಕೆಯ ಮಂಡಿಗಳು ಸವೆದು ಸವೆದು ಒಳಕ್ಕೆ ವಾಲಿದ್ದವು. ನಿಂತರೆ ಒಂದಕ್ಕೊಂದು ಉಜ್ಜುತ್ತಿದ್ದವು. ಪಾದಗಳು ಮಾತ್ರ ಮುನಿಸಿಕೊಂಡ ಓರಗಿತ್ತಿಯರ ಹಾಗೆ ದೂರ ದೂರ. ಬಲಗಾಲಿಗೆ ಹೊಸ ಕೀಲು ಕೂಡಿಸೋಣ ಎಂದು ಡಾಕ್ಟರು ಹೋದ ವಾರವೇ ಹೇಳಿದ್ದರು. ಸಾಮಾನ್ಯವಾಗಿ ಮಂಡಿಯನ್ನು ಒಳಮಗ್ಗುಲಿಂದ ಬಿಚ್ಚುತ್ತಾರಂತೆ. ಈಕೆಗೆ ಬಿಗಿದಿರುವುದು ಹೊರಗಡೆ. ಹೊರಗಿಂದಲೇ ಹೋಗಿ ಅದನ್ನು ಸಡಿಲ ಮಾಡಿದರೆ ಕಾಲು ನೆಟ್ಟಗಾಗುತ್ತದೆ ಎಂದು ಮಂಡಿಯ ಮೇಲೇ ಪೆನ್ನಿನಲ್ಲಿ ಗೀಟೆಳೆದು ತೋರಿಸಿದ್ದರು.

ಆ ಗೀಟೇ ಮುಳುವಾಯಿತು. ಅದು ಅಳಿಸುವ ಮೊದಲೇ ಬಚ್ಚಪ್ಪ ಹೆಂಡತಿಯನ್ನು ಕಾಮಸಮುದ್ರದ ಕಡೆ ಬರೆ ಹಾಕುವವನ ಹತ್ತಿರ ಕರೆದುಕೊಂಡು ಹೋದ. ಡಾಕ್ಟರೇ ಜಾಗ ತೋರಿಸಿದ್ದಾರೆ, ಇನ್ನು ಕುಯ್ಯಿಸುವುದು ಯಾಕೆ ಎಂದು ಅವನ ಲೆಕ್ಕ. ಆಕೆ ಒಲ್ಲೆ ಒಲ್ಲೆ ಎಂದರೂ ಕಾಲು ಅದುಮಿ ಹಿಡಿದುಕೊಂಡ. ಕಾದ ಕಬ್ಬಿಣ ಗೀಟಿನ ಉದ್ದಕ್ಕೂ ಹರಿಯಿತು.

"ನಮ್ ಎತ್ತಿಗೆ ಆಕ್ಸಿದ್ವಿ ಸಾ, ಎದ್ದು ಓಡಾಡ್ತು," ಎಂದ ಬಚ್ಚಪ್ಪ.

"ಎತ್ತಿಗಾದ್ರೆ ಕೊಂಬಿತ್ತು ಕಣಯ್ಯಾ," ಎಂದಳು ಗಂಗರತ್ನಮ್ಮ. "ನಂಗಿರ್ಲಿಲ್ಲ."

ಡಾಕ್ಟರು ನಗಲಿಲ್ಲ. "ಕೀವಾಗಿದೆ. ಈಗ ಆಪರೇಷನ್ ಮಾಡಿದರೆ ಹೊಸ ಕೀಲಿಗೂ ಕೀವು ಹತ್ತುತ್ತೆ. ನಾಳಿದ್ದು ಅಂದುಕೊಂಡಿದ್ದು ಆಗಲ್ಲ."

"ಒಳ್ಗಡೆಯಿಂದ ಕುಯ್ದ್ಬುಡಿ ಸಾ. ಅಲ್ಲಿ ಚೆನ್ನಾಗೈತೆ," ಎಂದ ಬಚ್ಚಪ್ಪ.

"ಕೀವಿರುವಾಗ ಯಾವ ಮಗ್ಗುಲೂ ಬೇಡ. ವಾಸಿಯಾದ ಮೇಲೂ ಸುಟ್ಟ ಚರ್ಮ ಹೊಲಿಗೆ ತಡೆಯುತ್ತೋ ಇಲ್ಲವೋ ನೋಡಬೇಕು. ತಡೆಯದಿದ್ದರೆ ಒಳಗಿಂದಲೇ ಹೋಗಬೇಕಾಗಬಹುದು. ಆಗ ಬಿಗಿದಿರುವುದು ಕೈಗೆ ಸಿಗೋದು ಕಷ್ಟ. ಕಾಲು ಪೂರಾ ನೆಟ್ಟಗಾಗುತ್ತೆ ಅಂತ ಮಾತು ಕೊಡೋಕೆ ಆಗಲ್ಲ."

ಗಂಗರತ್ನಮ್ಮನಿಗೆ ಬರೆಗಿಂತ ಈ ಮಾತು ಉರಿಯಿತು. ನೆಟ್ಟಗೆ ನಡೆಯುವ ಆಸೆಯನ್ನು ಮನೆಯವನೇ ಸುಟ್ಟುಹಾಕಿದ್ದ.

"ಕಾಯ್ತೀನಿ ಸಾ. ಚರ್ಮ ಗಟ್ಟಿಯಾಗ್ಲಿ. ಆಮೇಲೆ ಯಾವ ಮಗ್ಗುಲು ಅಂತ ನನ್ನ ಕೇಳಿ, ಈವಯ್ಯನ್ನ ಅಲ್ಲ."

ಹೊರಗೆ ಬಂದಾಗ ಬಚ್ಚಪ್ಪ ಊರಿಗೆ ಹೋಗಲು ಬೇತಮಂಗಲದ ಬಸ್ಸಿನ ಕಡೆ ತಿರುಗಿದ. "ಬಿರ್‍ನೆ ನಡೀ. ಅಸೂನ ಆಲು ಕರೆಯೋ ಒತ್ತಾಯ್ತು."

"ನೀನೇ ಕರ್ಕೋ."

"ಅದು ನಂಗೆ ಒದೀತದಲ್ಲೇ."

"ಕಾಲು ಅದುಮಿ ಇಡ್ಕೋ. ನಿಂಗೆ ಬತ್ತದಲ್ಲ."

ಮಗ ಆಂಜಿನಪ್ಪ ಕೆ.ಜಿ.ಎಫ್. ಫ್ಯಾಕ್ಟರಿಯಲ್ಲಿ ಫಿಟ್ಟರ್, ಕ್ವಾರ್ಟರ್ಸಿನಲ್ಲಿ ಸೊಸೆ ಗಾಯ ತೊಳೆದು ಕಟ್ಟುತ್ತಾಳೆ. ವಾಸಿಯಾಗುವವರೆಗೆ ಅಲ್ಲೇ ಇರುವುದೆಂದು ಗಂಗರತ್ನಮ್ಮ ಕುಂಟುತ್ತಾ ಸ್ಟೇಷನ್ನಿಗೆ ಹೋದಳು. ಕೆ.ಜಿ.ಎಫ್. ಕಡೆ ಹೋಗುವ ಮಾರಿಕುಪ್ಪಂ ರೈಲಿನ ಮೆಟ್ಟಿಲು ಎತ್ತರ. ಹಿಂದೆಯೇ ಬಂದ ಬಚ್ಚಪ್ಪ ರಟ್ಟೆಗೆ ಕೈ ಹಾಕಿದ.

"ಮುಟ್ಟಬ್ಯಾಡ," ಎಂದಳು.

ಬಾಗಿಲಲ್ಲಿ ಕೂತಿದ್ದ ಹೂವಿನ ಹೆಂಗಸು "ವಾಂಗಮ್ಮಾ, ಬನ್ನಿ" ಎಂದು ಕೈ ಚಾಚಿದಳು. ಗಂಗರತ್ನಮ್ಮ ಅದನ್ನು ಹಿಡಿದು ಹತ್ತಿದಳು. ರೈಲು ಹೊರಟರೂ ಕಿಟಕಿಯ ಕಡೆ ತಿರುಗಲಿಲ್ಲ.