ಕನ್ನಡಿ ಮಾಮ ಉಜ್ಜದೆ ಬಿಟ್ಟ ಸಿಲಿಂಡರ್

ಕನ್ನಡಿ ಮಾಮನ ಹೆಂಡತಿ ಐವತ್ತು ತುಂಬಿದರೂ ಸಮುದ್ರ ನೋಡಿರಲಿಲ್ಲ. ಇದಕ್ಕೆ ಕಾರಣ ಬಡತನವಲ್ಲ, ಕಾಯಿಲೆಯಲ್ಲ, ಗಂಡನ ಜಿಪುಣತನವೂ ಅಲ್ಲ. ಒಂದು ಕಂಪ್ರೆಸರ್!

ನಗಬೇಡಿ. ಆ ಕಂಪ್ರೆಸರನ್ನು ನೋಡಿದವರು ಯಾರೂ ನಗುವುದಿಲ್ಲ. ಒಂದು ಕೋಣೆಯಷ್ಟು ಉದ್ದ, ಎರಡಾಳು ಎತ್ತರ. ಎಲ್ಲರೂ ಅದನ್ನು ದೊಡ್ಡಣ್ಣ ಎಂದೇ ಕರೆಯುತ್ತಿದ್ದರು. ನೈಟ್ರೋಜನ್ ಗ್ಯಾಸನ್ನು ಹಿಂಡಿ ಹಿಂಡಿ ಪಕ್ಕದ ಕಾರ್ಖಾನೆಗೆ ಕಳಿಸುವುದು ಅದರ ಕೆಲಸ. ಅಲ್ಲಿ ಆ ಗ್ಯಾಸು ಚಿಪ್ಸ್ ಪೊಟ್ಟಣಗಳೊಳಗೆ ಸೇರುತ್ತಿತ್ತು. ತಿನ್ನುವ ಪದಾರ್ಥಕ್ಕೆ ಹೋಗುವ ಗ್ಯಾಸು ತಾನೇ, ಪಿಸ್ಟನ್ನು ಹಿಂದೆ ಮುಂದೆ ಓಡಿ ಗ್ಯಾಸನ್ನು ಹಿಂಡುವ ಸಿಲಿಂಡರಿನೊಳಗೆ ಒಂದು ತೊಟ್ಟು ಎಣ್ಣೆ ಸೋಕುವಂತಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ ಎಂದು ಯಾರಾದರೂ ಬಾಯಿತಪ್ಪಿ ಅಂದರೂ ಆ ಶೆಡ್ಡಿನಲ್ಲಿ ನಾಲ್ಕು ಜನ ತಿರುಗಿ ನೋಡುತ್ತಿದ್ದರು.

ಎಣ್ಣೆ ಇಲ್ಲ ಎಂದ ಮೇಲೆ ಪಿಸ್ಟನ್ನು ಹೇಗೆ ಜಾರಬೇಕು? ಅದರ ಸೊಂಟಕ್ಕೆ ಟೆಫ್ಲಾನ್ ರಿಂಗುಗಳನ್ನು ತೊಡಿಸಿದ್ದರು. ಆ ರಿಂಗುಗಳು ಸಿಲಿಂಡರಿನ ಒಣಗೋಡೆಗೆ ಮೈ ತಿಕ್ಕಿಕೊಂಡು ಓಡಬೇಕು, ಓಡುತ್ತಾ ಸವೆಯಬೇಕು. ಸವೆದಾಗ ಬದಲಾಯಿಸುವವನು ಕನ್ನಡಿ ಮಾಮ, ಅವನೊಬ್ಬನೇ. ಬೇರೆ ಫಿಟ್ಟರುಗಳು ಸಿಲಿಂಡರಿನ ಹತ್ತಿರ ಬಂದರೂ ಅವನ ಮುಖ ಊದಿಕೊಳ್ಳುತ್ತಿತ್ತು. ಪ್ರತಿ ಸಲ ಹಳೆ ರಿಂಗು ತೆಗೆದ ಮೇಲೆ ಒಂದಿಡೀ ದಿನ ಸಿಲಿಂಡರಿನೊಳಕ್ಕೆ ಅರ್ಧ ಮೈ ತೂರಿಸಿ, ಒಳಗೋಡೆಯನ್ನು ಪಾಲಿಶ್ ಬಟ್ಟೆಯಿಂದ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಮತ್ತೆ ಉಜ್ಜಿ, ಕೊನೆಗೆ ಟಾರ್ಚು ಬಿಟ್ಟು ಅದರಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಮೀಸೆಯ ಬಿಳಿ ಕೂದಲು ಕರಿ ಕೂದಲು ಬೇರೆ ಬೇರೆ ಕಾಣಿಸಿದರೆ ಮಾತ್ರ ಹೊಸ ರಿಂಗು ಒಳಗೆ ಹೋಗುತ್ತಿತ್ತು. ಕನ್ನಡಿ ಎಂಬ ಹೆಸರು ಬಂದದ್ದು ಹಾಗೆ.

ಇಷ್ಟೆಲ್ಲ ಉಪಚಾರ ಮಾಡಿದರೂ ದೊಡ್ಡಣ್ಣನ ರಿಂಗು ಒಂದು ತಿಂಗಳು ಕಂಡದ್ದಿಲ್ಲ. ಹದಿನೆಂಟು ದಿನ, ಇಪ್ಪತ್ತೆರಡು ದಿನ, ಹೆಚ್ಚೆಂದರೆ ಇಪ್ಪತ್ತೈದು. ಯಾವಾಗ ಕೈಕೊಡುತ್ತದೋ ಹೇಳುವಂತಿಲ್ಲ. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಗಂಡಹೆಂಡಿರು ಸಮುದ್ರಕ್ಕೆ ಹೊರಟಿದ್ದರು, ನಾಲ್ಕು ಸಲವೂ ವಾಪಸು. ನಾಲ್ಕನೆಯ ಸಲವಂತೂ ರೈಲು ಪ್ಲಾಟ್‌ಫಾರಮ್ಮಿಗೆ ಬಂದು ನಿಂತಾಗ ಫೋನು ಬಂದಿತ್ತು. ಹೆಂಡತಿ ಬ್ಯಾಗು ಎತ್ತಿಕೊಂಡು ಮನೆಗೆ ನಡೆದಿದ್ದಳು. ಅವಳು ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಐದನೆಯ ಸಲ ಟಿಕೆಟು ಅವಳೇ ತಂದಳು. ಊಟದ ತಟ್ಟೆಯ ಪಕ್ಕ ಇಟ್ಟಳು.

"ಇವತ್ತಿಗೆ ಮೂವತ್ತೇಳನೇ ದಿನಕ್ಕೆ ರೈಲು. ಎರಡು ಸೀಟು. ನೀವು ಬಂದ್ರೆ ನೀವು ಕೂತ್ಕೊಳ್ಳಿ. ಬರ್ಲಿಲ್ಲ ಅಂದ್ರೆ ಬ್ಯಾಗ್ ಕೂರಿಸ್ಕೊಂಡು ಹೋಗ್ತೀನಿ. ಬ್ಯಾಗಿಗೆ ಫೋನ್ ಬರಲ್ಲ."

"ಹಾಗಲ್ಲ ಕಣೇ, ನಾಡಿದ್ದು ರಿಂಗು ಹಾಕ್ತೀನಿ. ಮೂವತ್ತೈದು ದಿನ ಅದು ಯಾವತ್ತೂ ಬಾಳಿಲ್ಲ..."

"ಅದು ನಿಮ್ಮಿಬ್ಬರ ವಿಷಯ."

ಅವಳು ಹೇಳಿದ್ದು ತಮಾಷೆಗಲ್ಲ ಎಂದು ಮಾಮನಿಗೆ ಗೊತ್ತಾಯಿತು. ಈ ಸಲ ಅವಳು ಒಬ್ಬಳೇ ಹೋದಳೆಂದರೆ ಮುಂದೆ ಎಲ್ಲಿಗೂ ತನ್ನನ್ನು ಕರೆಯುವುದೇ ಇಲ್ಲ, ಆ ಮನೆಯಲ್ಲಿ ತಾನೊಬ್ಬ ಬಾಡಿಗೆದಾರ, ಅಷ್ಟೇ.

ಮರುದಿನ ಭಾನುವಾರ. ಅವಳು ತಂಗಿಯ ಮನೆಗೆ ಹೋಗಿದ್ದಳು. ಏನಾದರೂ ಮಾಡಿ ಅವಳನ್ನು ಖುಷಿಪಡಿಸಬೇಕೆಂದು ಮಾಮ ಮನೆಯೆಲ್ಲ ಸುತ್ತಿದ. ಅಡುಗೆಮನೆಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಅವಳು ತವರಿನಿಂದ ತಂದ ಕಬ್ಬಿಣದ ಕಾವಲಿ. ಕಪ್ಪಗೆ, ಮಂಕಾಗಿ ಕೂತಿತ್ತು. ಪಾಪ, ಇಷ್ಟು ವರ್ಷ ಇದನ್ನು ಸರಿಯಾಗಿ ಉಜ್ಜಲಿಕ್ಕೂ ಅವಳಿಗೆ ಪುರುಸೊತ್ತಾಗಿಲ್ಲ ಎಂದುಕೊಂಡ. ತೋಳು ಮಡಚಿದ. ಮೂರು ಗಂಟೆ, ನಾಲ್ಕು ಹಾಳೆ ಉಪ್ಪುಕಾಗದ. ಸಂಜೆಗೆ ಕಾವಲಿಯಲ್ಲಿ ಮೀಸೆ ಕಂಡಿತು.

ಹೆಂಡತಿ ಬಂದಳು. ನೋಡಿದಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಏನ್ ಮಾಡಿದ್ರಿ?"

"ಸರ್ಪ್ರೈಸ್," ಎಂದ ಮಾಮ.

"ನಮ್ಮಜ್ಜಿ ಪಳಗಿಸಿದ್ದು ರೀ ಅದು! ಅಜ್ಜಿ ಆದ್ಮೇಲೆ ಅಮ್ಮ, ಅಮ್ಮ ಆದ್ಮೇಲೆ ನಾನು! ಅರವತ್ತು ವರ್ಷದ್ದನ್ನ ಒಂದೇ ಮಧ್ಯಾಹ್ನದಲ್ಲಿ ಕೆರೆದು ಹಾಕಿದ್ರಲ್ಲ!"

"ಕೊಳೆ ತೆಗೆದೆ ಅಷ್ಟೇ ಕಣೇ..."

"ಕೊಳೆನಾ? ನೋಡಿ ಇಲ್ಲಿ!" ಅವಳು ಒಲೆ ಹಚ್ಚಿ, ಕಾವಲಿ ಇಟ್ಟು, ಒಂದು ಮೊಟ್ಟೆ ಒಡೆದು ಹಾಕಿದಳು. ಮೊಟ್ಟೆ ಗಪ್ಪನೆ ಹಿಡಿದುಕೊಂಡಿತು. ಅವಳು ಸೌಟು ಹಾಕಿ ಎಬ್ಬಿಸಿದಳು, ಕೆರೆದಳು, ಗುದ್ದಿದಳು. ಮೊಟ್ಟೆ ಚಿಂದಿ ಚಿಂದಿಯಾಯಿತೇ ಹೊರತು ಕಾವಲಿಯನ್ನು ಬಿಡಲಿಲ್ಲ. "ಕಂಡ್ರಾ? ಮೊಟ್ಟೆ ಜಾರ್ತಾ ಇದ್ದಿದ್ದು ಕಬ್ಬಿಣದ ಮೇಲಲ್ಲ ರೀ, ಆ ಕರಿ ಪೊರೆ ಮೇಲೆ. ಅದು ದಿನಾ ಒಂದೊಂದು ಚೂರು ಕೂತು ಕೂತು ಆಗಿದ್ದು. ಉಜ್ಜಿದ್ರೆ ಹೋಯ್ತು, ಮತ್ತೆ ಮೊದಲಿಂದ!"

ಮಾಮ ಕಾವಲಿಯ ಮೇಲೆ ಬಾಗಿ ನೋಡಿದ. ಸಿಲಿಂಡರು ಬಿಚ್ಚಿದಾಗಲೆಲ್ಲ ಒಳಗೋಡೆಗೆ ಮೆತ್ತಿಕೊಂಡಿರುತ್ತಿದ್ದ ಆ ತೆಳ್ಳನೆಯ ಬೂದು ಪೊರೆ ಅವನ ಕಣ್ಣೆದುರು ಬಂತು. ಹನ್ನೊಂದು ವರ್ಷ ಅದನ್ನು ಕೊಳೆ ಎಂದು ಬೈಯುತ್ತಾ ಉಜ್ಜಿ ತೆಗೆದಿದ್ದ.

"ಇನ್ನೊಂದ್ಸಲ ಹೇಳು," ಎಂದ.

"ಏನು, ಬೈದಿದ್ದು ಸಾಲ್ದಾ?"

ಹೊಳೆದ ಗುಟ್ಟಿಗೆ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಚಿಂದಿ ಮೊಟ್ಟೆಯನ್ನು ಉಪ್ಪೂ ಹಾಕಿಕೊಳ್ಳದೆ ತಿಂದುಬಿಟ್ಟ. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಸೋಮವಾರ ದೊಡ್ಡಣ್ಣನ ಹೊಟ್ಟೆ ಬಿಚ್ಚಿದಾಗ ಬೂದು ಪೊರೆ ಅಲ್ಲೇ ಇತ್ತು. ಮಾಮ ಒಣಗಾಳಿ ಬಿಟ್ಟು ಸಡಿಲ ಪುಡಿಯನ್ನು ಮಾತ್ರ ಊದಿದ. ಗೋಡೆ ಮುಟ್ಟಲಿಲ್ಲ. ಅವನ ಬಲಗೈ ತಾನಾಗಿ ಬಟ್ಟೆಯ ಕಡೆಗೆ ಹೋಗುತ್ತಿತ್ತು, ಎಡಗೈಯಲ್ಲಿ ಅದನ್ನು ಹಿಡಿದುಕೊಂಡ. ಅಷ್ಟರಲ್ಲಿ ಇಂಜಿನಿಯರಮ್ಮ ಟಾರ್ಚು ಹಿಡಿದು ಬಂದಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಚುರುಕು ಹುಡುಗಿ. ಮಾಮನ ಮುಂದೆ ಮಾತ್ರ ಅವಳ ಚುರುಕು ಸ್ವಲ್ಪ ಕಡಿಮೆ.

"ಏನ್ ಮಾಮ, ಕನ್ನಡಿ ಎಲ್ಲಿ?"

ಮಾಮ ತಲೆ ತಗ್ಗಿಸಿ ಕಾವಲಿಯ ಕಥೆ ಹೇಳಿದ. ಅವಳು ನಗಲಿಲ್ಲ. ಟಾರ್ಚು ಆರಿಸಿ ಉಸಿರುಬಿಟ್ಟಳು.

"ಅತ್ತೆ ಹೇಳಿದ್ದೇ ಸರಿ ಮಾಮ. ರಿಂಗು ಓಡ್ತಾ ಓಡ್ತಾ ತನ್ನ ಪುಡಿನೇ ಗೋಡೆಗೆ ಮೆತ್ತುತ್ತೆ. ಮೆತ್ತಿಕೊಂಡ್ಮೇಲೆ ಅದು ಕಬ್ಬಿಣಕ್ಕೆ ತಿಕ್ಕಲ್ಲ, ತನ್ನ ಮೇಲೆ ತಾನೇ ಜಾರುತ್ತೆ. ಸವೆತ ಎಷ್ಟೋ ಕಮ್ಮಿ ಆಗುತ್ತೆ. ನೀವು ಒರೆಸಿಬಿಟ್ರೆ ಹೊಸ ರಿಂಗು ಪಾಪ ಮತ್ತೆ ತನ್ನ ಮೈ ತೇದು ಮೆತ್ತಬೇಕು."

"ನಿಮಗೆ ಗೊತ್ತಿತ್ತಾ?"

"ಸೇರಿದ ತಿಂಗಳೇ ಒಂದು ಚೀಟಿ ಬರೆದಿದ್ದೆ. ನೀವು ಉಜ್ಜೋ ಭಕ್ತಿ ನೋಡಿ ಹರಿದು ಬಿಸಾಕ್ದೆ. ನಿಮಗೆ ಹೇಳೋ ಧೈರ್ಯ ಈ ಶೆಡ್ಡಲ್ಲಿ ಯಾರಿಗಿದೆ?"

ಮಾಮನಿಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ.

ಹೊಸ ರಿಂಗು ಒಳಗೆ ಹೋಯಿತು. ಅಲ್ಲಿಂದ ಮುಂದೆ ಮಾಮನ ಪಾಡು ಕೇಳಬೇಡಿ. ಹದಿನೆಂಟನೆಯ ದಿನ ಊಟ ಸೇರಲಿಲ್ಲ. ಇಪ್ಪತ್ತೆರಡನೆಯ ದಿನ ಗಂಟೆಗೊಮ್ಮೆ ಹೋಗಿ ಥರ್ಮಾಮೀಟರು ನೋಡಿದ, ರಿಂಗು ಸೋರಿದರೆ ಗ್ಯಾಸಿನ ಬಿಸಿ ಏರಬೇಕು. ಮುಳ್ಳು ಕದಲಲಿಲ್ಲ. ಮುಳ್ಳೇ ಕೆಟ್ಟಿರಬೇಕೆಂದು ಹೊಸ ಥರ್ಮಾಮೀಟರು ಹಾಕಿಸಿದ, ಅದೂ ಅದನ್ನೇ ಹೇಳಿತು. ಇಪ್ಪತ್ತೈದು ದಾಟಿತು. ಇಪ್ಪತ್ತಾರನೆಯ ದಿನ ಶೆಡ್ಡಿನವರೆಲ್ಲ ಸೇರಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ೨೬ ಎಂದು ಬರೆದರು. ಆಮೇಲೆ ದಿನಾ ಬೆಳಿಗ್ಗೆ ಅಂಕಿ ಬದಲಾಯಿಸುವುದಕ್ಕೆ ನೂಕುನುಗ್ಗಲು. ಚಿಪ್ಸ್ ಕಾರ್ಖಾನೆಯ ವಾಚ್‌ಮನ್ ಕೂಡ ಬಂದು ನೋಡಿಕೊಂಡು ಹೋದ. ಮೂವತ್ತೊಂದನೆಯ ದಿನ ಮಾಮ ಶಿಳ್ಳೆ ಹಾಕಿದ್ದನ್ನು ಮೂರು ಜನ ಕೇಳಿದ್ದಾರೆ.

ಮೂವತ್ತೈದನೆಯ ದಿನ ಬೆಳಿಗ್ಗೆ ಮಾಮ ಸ್ಪ್ಯಾನರು ಹಿಡಿದು ದೊಡ್ಡಣ್ಣನ ಮುಂದೆ ನಿಂತಿದ್ದ.

"ಮಾಮ, ರೈಲಿಗೆ ಇನ್ನು ಒಂದೇ ಗಂಟೆ. ಏನಿದು?" ಎಂದಳು ಇಂಜಿನಿಯರಮ್ಮ.

"ಒಂದೇ ಒಂದ್ಸಲ ಬಿಚ್ಚಿ ನೋಡಿಬಿಡ್ತೀನಮ್ಮ. ಒಳಗೆ ಹೇಗಿದೆಯೋ ಏನೋ. ನೋಡಿ ತಕ್ಷಣ ಮುಚ್ಚಿಬಿಡ್ತೀನಿ."

"ಬಿಚ್ಚಿದ್ರೆ ಮುಚ್ಚೋ ಹೊತ್ತಿಗೆ ಸಂಜೆ ಆಗುತ್ತೆ."

"ಮನಸ್ಸು ತಡೀತಿಲ್ಲ."

ಅವಳು ಸ್ಪ್ಯಾನರು ಕಿತ್ತುಕೊಂಡಳು. ಜೀವನದಲ್ಲಿ ಮೊದಲ ಸಲ ಮಾಮನನ್ನು ಗದರಿದಳು. "ಹೋಗಿ ಮಾಮ! ಅದಕ್ಕೇನೂ ಆಗಿಲ್ಲ. ನೀವು ಮುಟ್ಟದಿದ್ರೆ ಏನೂ ಆಗಲ್ಲ!"

ಆ ಮಾತು ಮುಳ್ಳಿನಂತೆ ಚುಚ್ಚಿತು. ಆದರೂ ಮಾಮ ಓಡಿದ. ಒಂದು ಚಪ್ಪಲಿ ಶೆಡ್ಡಿನ ಬಾಗಿಲಲ್ಲೇ ಉಳಿಯಿತು. ರೈಲು ಹೊರಡುವ ಹೊತ್ತಿಗೆ ಅವನು ಹತ್ತಿದಾಗ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು, ಎದುರು ಸೀಟಿನಲ್ಲಿ ಬ್ಯಾಗು ಕೂತಿತ್ತು. ಅವಳು ಅವನ ಒಂಟಿ ಚಪ್ಪಲಿ ನೋಡಿದಳು, ಬ್ಯಾಗನ್ನು ಎತ್ತಿ ಕೆಳಗಿಟ್ಟಳು.

ಸಮುದ್ರ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಅವಳು ಸೀದಾ ಮೊಣಕಾಲವರೆಗೆ ನೀರಿಗೆ ಇಳಿದು, ಬಾಗಿ, ಒಂದು ಬೊಗಸೆ ಎತ್ತಿ ರುಚಿ ನೋಡಿ, "ಥೂ, ನಿಜವಾಗ್ಲೂ ಉಪ್ಪು!" ಎಂದು ಕಿರುಚಿ ನಕ್ಕಳು. ಆ ನಗು ನೋಡಿ ಮಾಮ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ನಗು ಹನ್ನೊಂದು ವರ್ಷ ಮೊದಲೇ ಬರಬಹುದಿತ್ತಲ್ಲ! ಹೇಳದೆ ಇರುವುದು ಅವನಿಂದಾಗಲಿಲ್ಲ.

"ನಾಲ್ಕು ಸಲ ಟಿಕೆಟ್ ವಾಪಸ್ ಆಯ್ತಲ್ಲ," ಎಂದ. "ಆ ಮೆಷಿನ್ನಿನ ತಪ್ಪೇ ಇರ್ಲಿಲ್ಲ ಕಣೇ. ನಾನು ಉಜ್ತಿದ್ನಲ್ಲ, ಅದಕ್ಕೇ ರಿಂಗು ಸವೀತಿತ್ತು. ನಿನ್ನ ಕಾವಲಿ ಹಾಳು ಮಾಡಿದ ಹಾಗೇನೇ. ನಾಲ್ಕು ಸಲಾನೂ ನಾನೇ."

ಅವಳು ತಿರುಗಿ ನೋಡಿದಳು. ಒಂದು ಅಲೆ ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ಮಾಮನಿಗೆ ಮೂವತ್ತೈದು ದಿನ ಕಾದದ್ದಕ್ಕಿಂತ ಆ ಎರಡು ಅಲೆ ಕಾದದ್ದೇ ಕಷ್ಟವಾಯಿತು.

"ಹಾಗಾದ್ರೆ ಹನ್ನೊಂದು ವರ್ಷ ಆ ಮೆಷಿನ್ನಿಗೆ ಸುಮ್ ಸುಮ್ನೆ ಶಾಪ ಹಾಕಿದ್ನಾ?"

"ಹೂಂ."

ಅವಳ ತುಟಿ ನಡುಗಿತು. ಅಳುತ್ತಾಳೆ ಎಂದು ಮಾಮ ಹೆಜ್ಜೆ ಮುಂದಿಟ್ಟ. ಅವಳು ಅಳಲಿಲ್ಲ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಿಲ್ಲಲಾರದೆ ನೀರಿನಲ್ಲೇ ಕೂತಳು. ಮೂರನೆಯ ಅಲೆ ಬಂದು ತಲೆಯ ಮೇಲೆ ಹಾದುಹೋಯಿತು. ಎಬ್ಬಿಸಲು ಹೋದ ಮಾಮನೂ ಬಿದ್ದ. ಇಬ್ಬರೂ ಕೆಮ್ಮುತ್ತಾ, ಉಗುಳುತ್ತಾ, ಮೂಗಿನಲ್ಲಿ ನೀರು ಸುರಿಸುತ್ತಾ ನಕ್ಕರು. ದಡದಲ್ಲಿ ನಡೆಯುತ್ತಿದ್ದವರು ಗಾಬರಿಯಿಂದ ನಿಂತರು.

"ನಿಜ ಹೇಳ್ಲಾ ರೀ?" ಎಂದಳು ಅವಳು ಉಸಿರು ಹಿಡಿದುಕೊಂಡು. "ಆ ಮೆಷಿನ್ ಕಂಡ್ರೆ ನನಗೆ ಹೊಟ್ಟೆಕಿಚ್ಚಿತ್ತು. ಅದನ್ನ ನೋಡ್ಕೊಂಡ ಹಾಗೆ ನನ್ನನ್ನ ಯಾವತ್ತಾದ್ರೂ ನೋಡ್ಕೊಂಡಿದ್ದಾರಾ ಅಂತ ಎಷ್ಟು ಸಲ ಅತ್ತಿದ್ದೀನಿ ಗೊತ್ತಾ? ಸದ್ಯ, ನೋಡ್ಕೊಳ್ಲಿಲ್ಲ. ನೋಡ್ಕೊಂಡಿದ್ರೆ ನಾನು ಯಾವತ್ತೋ ಸವೆದು ಹೋಗ್ತಿದ್ದೆ!"

ಮಾಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಒಟ್ಟಿಗೇ ಮಾಡಿದ. ಅವಳು ಅವನ ಕೈ ಹಿಡಿದು ಎಳೆದುಕೊಂಡು ಇನ್ನೂ ಸ್ವಲ್ಪ ಒಳಕ್ಕೆ ನಡೆದಳು.